ಟೈಪಿಂಗ್ ಮೇಡಂ ಮತ್ತು ಏಳು ಗಂಟೆಯ ಬಸ್ಸು

ನಮ್ಮ ಟೈಪಿಂಗ್ ಮೇಡಂ ಬಲಗೈ ತುಂಬ ಹಸಿರು ಗಾಜಿನ ಬಳೆ ತೊಡುತ್ತಿದ್ದರು. ಎಡಗೈ ಮಾತ್ರ ಬೋಳು. ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದರೆ ಎಡಗೈಯಿಂದ ಲಿವರ್ ಹಿಡಿದು ರೋಲರನ್ನು ವಾಪಸು ತಳ್ಳಬೇಕು. ಬಳೆ ಅದಕ್ಕೆ ತಗುಲಿ ಒಡೆಯುತ್ತದೆಂದು ಅವರು ಆ ಕೈಗೆ ಬಳೆಯನ್ನೇ ಬಿಟ್ಟಿದ್ದರು. ಇದೆಲ್ಲ ಮಧುಗಿರಿಯ ಹೆಂಗಸರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಸೋದರತ್ತೆ ಒಂದು ಸಲ ನನ್ನನ್ನು ನೋಡಲು ಬಂದವಳು ಅವರನ್ನು ಕಂಡು, ಹೊರಗೆ ಬಂದ ಮೇಲೆ ನನ್ನ ಪಕ್ಕೆ ತಿವಿದು, "ಅಲ್ಲ ಕಣಮ್ಮಿ, ಆಯಮ್ಮನ ಗಂಡ ಅರ್ಧ ಇದ್ದಾನಾ ಅರ್ಧ ಹೋಗವ್ನಾ?" ಎಂದಳು. ಮೇಡಂಗೆ ಮದುವೆಯೇ ಆಗಿರಲಿಲ್ಲ. ಈ ಮಾತನ್ನು ನಾನು ಅವರಿಗೇ ಹೋಗಿ ಹೇಳಿದೆ, ನನ್ನ ಬಾಯಿ ಅಂಥದ್ದು. ಅವರು ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದರು.

ನಾನು ಬಡವನಹಳ್ಳಿ ಹತ್ತಿರದ ಗೊಲ್ಲರಹಟ್ಟಿಯವಳು. ನಮ್ಮಪ್ಪನಿಗೆ ಕುರಿ ಬಿಟ್ಟರೆ ಬೇರೆ ಲೋಕ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ದಿನಾ ಬಸ್ಸು ಹತ್ತಿ ಮಧುಗಿರಿಗೆ ಬಂದು ಟೈಪಿಂಗ್ ಕಲಿತೆ. ಜೂನಿಯರ್ ಆಯಿತು, ಸೀನಿಯರ್ ಆಯಿತು, ಸರ್ಕಾರಿ ಕೆಲಸದ ಅರ್ಜಿ ಹಾಕಿ ಹಾಕಿ ಸುಸ್ತೂ ಆಯಿತು. ಆಗ ಮೇಡಂ, "ಅರೆ, ಮನೇಲಿ ಕೂತು ಏನ್ ಮಾಡ್ತೀಯ? ಇಲ್ಲೇ ಹುಡುಗೀರಿಗೆ ಹೇಳ್ಕೊಡು" ಎಂದು ನನ್ನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಮಹಡಿ ಕೋಣೆ. ಕೆಳಗೆ ಟೈರಿನ ಅಂಗಡಿ, ಕಿಟಕಿ ತೆರೆದರೆ ಎದುರಿಗೆ ಬೆಟ್ಟ. ಬೇಸಿಗೆಯಲ್ಲಿ ಆ ಬಂಡೆಯ ಕಾವೆಲ್ಲ ನಮ್ಮ ಕೋಣೆಗೇ ಬಂದು ಕೂರುತ್ತಿತ್ತು. ಒಂಬತ್ತು ಟೈಪ್‌ರೈಟರುಗಳು ಒಟ್ಟಿಗೆ ಹೊಡೆದುಕೊಳ್ಳುವಾಗ ಕೆಳಗಿನ ಟೈರಿನವನು "ಮಳೆ ಬಂತಾ?" ಎಂದು ಕೂಗಿ ಚುಡಾಯಿಸುತ್ತಿದ್ದ.

ಮೇಡಂ ಶಿರಾದವರು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಕೋಪ ಬಂದಾಗ ಮಾತ್ರ ನಡುನಡುವೆ ಉರ್ದು ನುಗ್ಗುತ್ತಿತ್ತು. ರಬ್ಬರ್ ಎಂಬ ವಸ್ತುವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾವಳಾದರೂ ತಪ್ಪು ಹೊಡೆದು ಗುಟ್ಟಾಗಿ ಉಜ್ಜುತ್ತಿದ್ದರೆ ಹಿಂದಿನಿಂದ ಬಂದು ಹಾಳೆಯನ್ನು ಸರ್ರನೆ ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. "ನೋಡು, ಉಜ್ಜಿದ್ದು ಕಾಣ್ತದೆ. ತಪ್ಪು ಮಾಡಿದ್ದು ಒಂದು ತಪ್ಪು, ಮುಚ್ಚಿದ್ದು ಇನ್ನೊಂದು. ಬಸ್, ಬೇರೆ ಹಾಳೆ ಹಾಕು." ಕೆಟ್ಟ ಹಾಳೆಯನ್ನು ಹರಿಯುವ ಹಾಗೂ ಇರಲಿಲ್ಲ. ಅದನ್ನು ತೆಗೆದಿಡಬೇಕು. ಹುಡುಗಿ ಪರೀಕ್ಷೆಗೆ ಹೊರಟಾಗ ಮೇಡಂ ಅವಳ ಹಳೆಯ ಹಾಳೆಗಳನ್ನೆಲ್ಲ ತೆಗೆದು ಮುಂದೆ ಹರಡಿ, "ಇದು ಜೂನ್ ತಿಂಗಳ ನೀನು. ಇದು ಈಗಿನ ನೀನು. ಈಗ ಹೆದರಿಕೆ ಹೋಯ್ತಾ?" ಎಂದು ಕೇಳುತ್ತಿದ್ದರು. ಅಳುತ್ತಾ ಬಂದವಳು ನಗುತ್ತಾ ಹೋಗುತ್ತಿದ್ದಳು. ಅಟ್ಟದ ತುಂಬ ಅವೇ ಕಟ್ಟುಗಳು. ಜಿರಳೆಗಳಿಗೆ ಒಳ್ಳೇ ಸಂಸಾರವಾಗಿತ್ತು ಅಲ್ಲಿ.

ಎಂಬತ್ತರ ದಶಕದ ಕೊನೆಗೆ ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಸಾಲ ಮಾಡಿ ಒಂದನ್ನು ತಂದೇಬಿಟ್ಟರು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರ ಇಲ್ಲ, ಏನಿಲ್ಲ. ಒಂದು ಗೀಟು ಮಿಣಕ್ ಮಿಣಕ್ ಎನ್ನುತ್ತಾ ಕಾಯುತ್ತಿರುತ್ತದೆ, ನಾವು ಕಮಾಂಡು ಹೊಡೆದರೆ ಕೆಲಸ ಮಾಡುತ್ತದೆ, ಒಂದಕ್ಷರ ತಪ್ಪಿದರೆ "ಬ್ಯಾಡ್ ಕಮಾಂಡ್" ಎಂದು ಬೈಯುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಹೊಸ ಕಾನೂನಾಯಿತು. ಕೋಣೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ನಮ್ಮ ಕಡೆಯಿಂದ ಅದರ ಕಡೆಗೆ ತಿರುಗಿಸಿದರು. ನಾನು ಬೆವರು ಒರೆಸಿಕೊಳ್ಳುತ್ತಾ, "ಬುಡಿ ಮೇಡಂ, ನಾವೇನು ನಿಮ್ಮ ಹೊಟ್ಟೇಲಿ ಹುಟ್ಟಿದ್ವಾ, ಅದಾದ್ರೆ ಮಗ" ಎಂದು ರೇಗಿಸಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಮಗ ಅಲ್ಲ, ಅಳಿಯ. ಅದಕ್ಕೇ ಇಷ್ಟು ಮರ್ಯಾದೆ" ಎಂದರು.

ಅಳಿಯನಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸವೆಂದರೆ ಖಾಸಗಿ ಬಸ್ಸುಗಳ ಟೈಮಿಂಗ್ ಶೀಟು. ಶಿರಾ, ಕೊರಟಗೆರೆ, ಪಾವಗಡ, ಹಿಂದೂಪುರ, ನಾಲ್ಕೂ ಕಡೆಗೆ ಖಾಸಗಿ ಬಸ್ಸುಗಳದೇ ರಾಜ್ಯವಿದ್ದ ಕಾಲ. ಯಾವ ಬಸ್ಸು ಎಷ್ಟು ಹೊತ್ತಿಗೆ ಸ್ಟ್ಯಾಂಡಿನಿಂದ ಬಿಡಬೇಕು ಎಂಬುದಕ್ಕೆ ಆಗುತ್ತಿದ್ದ ಜಗಳ ಅಣ್ಣತಮ್ಮಂದಿರ ಪಾಲಿನ ಜಗಳಕ್ಕೂ ಕಡಿಮೆ ಇರಲಿಲ್ಲ. ಐದು ನಿಮಿಷ ಮುಂದೆ ಹೋದವನಿಗೆ ದಾರಿಯ ಜನವೆಲ್ಲ ಸಿಗುತ್ತಾರೆ, ಹಿಂದಿನವನಿಗೆ ಬರೀ ಧೂಳು. ನಮ್ಮ ಕಟ್ಟಡದ ಮಾಲೀಕರಾದ ಸಾಹುಕಾರರು ಬಸ್ಸಿನ ಮಾಲೀಕರೂ ಹೌದು, ಬಸ್ಸಿನವರ ಸಂಘದ ಅಧ್ಯಕ್ಷರೂ ಹೌದು. ಶೀಟನ್ನು ಕಂಪ್ಯೂಟರಿನಲ್ಲಿ ಮಾಡಿಸಿ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರೆ ಯಾರೂ ತಕರಾರು ಎತ್ತುವುದಿಲ್ಲವೆಂದು ಅವರ ಲೆಕ್ಕ. ಪ್ರಿಂಟಾಗಿ ಬಂದದ್ದನ್ನು ಆಗ ಜನ ಅಷ್ಟು ನಂಬುತ್ತಿದ್ದರು.

ಆದರೆ ಏಜೆಂಟರು ಬಿಡಬೇಕಲ್ಲ! ಪ್ರತಿ ಬಸ್ಸಿಗೂ ಸ್ಟ್ಯಾಂಡಿನಲ್ಲಿ ನಿಂತು ಜನ ಹತ್ತಿಸುವ ಒಬ್ಬ ಏಜೆಂಟ್. ಒಬ್ಬೊಬ್ಬರೇ ಮಹಡಿ ಹತ್ತಿ ಬಂದು, "ಎರಡೇ ನಿಮಿಷ ಮುಂಚೆ ಹಾಕಿ ಮೇಡಂ, ಸಾಹುಕಾರ್ರು ಹೂಂ ಅಂದವ್ರೆ" ಎನ್ನುವರು. ಮೇಡಂ ಇಲ್ಲದಾಗ ನಾನು ತಿದ್ದುವೆ, ನಾನಿಲ್ಲದಾಗ ಅವರು ತಿದ್ದುವರು, ಹೊಸದು ಬಂದಂತೆ ಹಳೆಯದು ಮಾಯ. ಒಂದು ದಿನ ಶಿರಾ ದಾರಿಯ ಇಬ್ಬರು ಏಜೆಂಟರು ಬಂದು, ಶೀಟು ಮೊದಲು ಹೇಗಿತ್ತು, ಬದಲಾಯಿಸಿದ್ದು ಯಾರು ಎಂದು ಜಟಾಪಟಿಗೆ ಬಿದ್ದರು. ಹಳೆಯ ಪ್ರತಿ ನಮ್ಮ ಹತ್ತಿರ ಒಂದೂ ಇರಲಿಲ್ಲ. ಅಟ್ಟದ ತುಂಬ ಹಳೆಯ ಹಾಳೆ ಇಟ್ಟ ಮೇಡಂಗೆ ಅದಕ್ಕಿಂತ ಅವಮಾನ ಬೇರೆ ಬೇಕೆ? ಆವತ್ತು ಊಟ ಮಾಡಲಿಲ್ಲ ಅವರು.

ಕಂಪ್ಯೂಟರ್ ಕೂರಿಸಲು ಬಂದಿದ್ದ ಎಂಜಿನಿಯರ್ ಹುಡುಗ ಒಂದಷ್ಟು ಫ್ಲಾಪಿ ಕೊಟ್ಟು ಹೋಗಿದ್ದ. ಅದರಲ್ಲೊಂದನ್ನು ತೋರಿಸಿ, "ಇದು ಯಾರೂ ಕೇಳಲ್ಲ ಮೇಡಂ, ಇರ್ಲಿ ಇಟ್ಕೊಳಿ. ಹಳೇ ಪ್ರತಿಗಳನ್ನ ಕಾಯೋ ಪ್ರೋಗ್ರಾಮು" ಎಂದಿದ್ದನಂತೆ. ಜೊತೆಗೆ ಒಂದಿಷ್ಟು ಜೆರಾಕ್ಸ್ ಹಾಳೆ, ಅರ್ಧ ಅಕ್ಷರ ಮಸಿ. ಮೇಡಂ ಅದನ್ನು ಹುಡುಕಿ ತೆಗೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕುಳಿತರು. ಫ್ಲಾಪಿಯಿಂದ ಒಳಗೆ ಕಾಪಿ ಮಾಡಿದರೆ ಸಾಕು, ಕೆಲಸ ಮಾಡುತ್ತದೆ ಎಂದುಕೊಂಡಿದ್ದೆವು. ಹೊಡೆದರೆ ಬ್ಯಾಡ್ ಕಮಾಂಡ್. ಮತ್ತೆ ಹೊಡೆದರೂ ಬ್ಯಾಡ್ ಕಮಾಂಡ್. "ಎತ್ತಿ ಬಿಸಾಕಿ ಅತ್ಲಾಗೆ" ಎಂದು ನಾನು ದಿನಕ್ಕೊಂದು ಸಲ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಅವರು ಮೆಟ್ಟಿಲು ಹತ್ತುತ್ತಲೇ, "ಸಿಕ್ತು ಕಣಮ್ಮಾ! ಅಂಗಡಿ ತೆಗೆದ್ರೆ ಸಾಲದು, ಅಂಗಡಿ ಎಲ್ಲಿದೆ ಅಂತ ಊರಿಗೆ ಹೇಳ್ಬೇಕು!" ಎಂದು ಕೂಗಿದರು. ಯಂತ್ರ ಚಾಲೂ ಆಗುವಾಗ ಓದಿಕೊಳ್ಳುವ ಫೈಲೊಂದಿತ್ತು. ಈ ಪ್ರೋಗ್ರಾಮು ಇಂಥ ಕಡೆ ಇದೆ ಎಂದು ಅದರಲ್ಲೊಂದು ಸಾಲು ಸೇರಿಸಿದರು. ಆಫ್ ಮಾಡಿ ಆನ್ ಮಾಡಿ ಹೊಡೆದರೆ, ಬೈಗುಳ ಇಲ್ಲ! ಬದಲಿಗೆ ನೀನು ಯಾರು ಎಂದು ಹೆಸರು ಕೇಳಿತು. ಹೆಸರು ಹೇಳದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ. ಮೇಡಂ ಕೆಳಗಿನ ಟೈರಿನವನನ್ನೂ ಕರೆದು ಎಲ್ಲರಿಗೂ ಬೂಂದಿ ಹಂಚಿದರು.

ಅದರ ರೀತಿ ಹೀಗೆ. ಶೀಟನ್ನು ತಿದ್ದಬೇಕಾದರೆ ಮೊದಲು ಪ್ರೋಗ್ರಾಮಿನಿಂದ ಹೊರಗೆ ತೆಗೆದುಕೊಳ್ಳಬೇಕು. ಒಬ್ಬರು ತೆಗೆದುಕೊಂಡಿರುವಾಗ ಇನ್ನೊಬ್ಬರಿಗೆ ಸಿಗುವುದಿಲ್ಲ, ಬಾವಿಯ ಹಗ್ಗ ಒಬ್ಬಳ ಕೈಯಲ್ಲಿದ್ದರೆ ಉಳಿದವರು ಬಿಂದಿಗೆ ಹಿಡಿದು ಕಾಯುವ ಹಾಗೆ. ತಿದ್ದಿ ಒಳಗೆ ಹಾಕುವಾಗ, ಯಾಕೆ ಬದಲಾಯಿಸಿದೆ ಎಂದು ಕೇಳುತ್ತದೆ. ಕಾರಣವನ್ನು ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಿದ್ದೆವು. ಹಳೆಯ ಪ್ರತಿ ಒಂದೂ ಹೋಗುವುದಿಲ್ಲ. ಯಂತ್ರ ಆನ್ ಮಾಡಿದಾಗ ಇವತ್ತಿನ ತಾರೀಕನ್ನೂ ನಾವೇ ಹೇಳಬೇಕಿತ್ತು. ಹೇಳದಿದ್ದರೆ ಅದು ಎಂಬತ್ತನೇ ಇಸವಿಯೆಂದೇ ತಿಳಿಯುತ್ತಿತ್ತು. ಸೋಮಾರಿತನದಲ್ಲಿ ನಾನು ಸುಮ್ಮನೆ ಎಂಟರ್ ಒತ್ತಿ, ಎಂಬತ್ತನೇ ಇಸವಿ ಜನವರಿ ಒಂದಕ್ಕೆ ಕೊರಟಗೆರೆ ಬಸ್ಸು ಬದಲಾದ ಹಾಗೆ ಮಾಡಿದಾಗ, "ಆಗ ನೀನು ಲಂಗ ಹಾಕ್ಕೊಂಡು ಕುರಿ ಕಾಯ್ತಿದ್ದೆ. ತಾರೀಕು ಹೊಡಿ" ಎಂದು ಮೇಡಂ ತಲೆಗೆ ಮೊಟಕಿದರು. ಏಜೆಂಟರು ಬಂದು ಎರಡು ನಿಮಿಷ ಕೇಳಿದರೆ ಮೇಡಂ, "ಕಾರಣ ಹೇಳಿ, ನಿಮ್ಮ ಹೆಸರಲ್ಲೇ ಹೊಡೀತೀನಿ" ಎನ್ನುವರು. ಅರ್ಧ ಜನ ಕಾರಣ ಯೋಚಿಸುತ್ತಾ ಕೆಳಗಿಳಿದು ಹೋದವರು ಮತ್ತೆ ಬರುತ್ತಲೇ ಇರಲಿಲ್ಲ.

ಬಿಡದೆ ಬರುತ್ತಿದ್ದವನು ಪಾವಗಡದ ಏಜೆಂಟ್ ಒಬ್ಬನೇ. ಆಂಧ್ರದ ಅಂಚಿನವನು, ಅರ್ಧ ಕನ್ನಡ ಅರ್ಧ ತೆಲುಗು, ಬಾಯಿ ತೆರೆದರೆ ಬೆಲ್ಲ. ಬರುವಾಗಲೆಲ್ಲ ಹುರಿದ ಕಡಲೇಕಾಯಿಯ ಪೊಟ್ಟಣ ತಂದು ಮೇಡಂ ಮುಂದಿಡುತ್ತಿದ್ದ. ಅವನ ಸಂಕಟ ಇಷ್ಟು: ಮೊದಲು ಅವನ ಬಸ್ಸು ಬೆಳಿಗ್ಗೆ ಏಳಕ್ಕೆ ಬಿಡುತ್ತಿತ್ತು, ಅದೇ ದಾರಿಯ ಸಾಹುಕಾರರ ಬಸ್ಸು ಆರೂವರೆಗೆ. ಸಂಘದಲ್ಲಿ ಸಾಹುಕಾರರು ತಮ್ಮ ಬಸ್ಸನ್ನು ಏಳಕ್ಕೆ ಮಾಡಿಸಿಕೊಂಡು ಇವನದನ್ನು ಆರೂವರೆಗೆ ತಳ್ಳಿದರು. ಆರೂವರೆಗೆ ಜನವೇ ಇಲ್ಲ. "ಅಮ್ಮಾ, ಏಳು ಗಂಟೆ ನಂಗೆ ವಾಪಸ್ ಕೊಡು ತಲ್ಲೀ, ಖಾಲಿ ಬಸ್ಸಲ್ಲಿ ಡ್ರೈವರು ಕಂಡಕ್ಟರು ಮುಖ ಮುಖ ನೋಡ್ಕಂಡು ಹೋಗ್ತವ್ರೆ" ಎಂದು ಗೋಗರೆಯುವನು. ಮೇಡಂ ಕಡಲೇಕಾಯಿಯನ್ನು ಹುಡುಗಿಯರಿಗೆ ಹಂಚಿ, "ಸಂಘದಲ್ಲಿ ಕೇಳು, ನನ್ನ ಕೈಲಿಲ್ಲ" ಎಂದು ಕಳಿಸುವರು. ಇದನ್ನು ಇಡೀ ಸ್ಟ್ಯಾಂಡು ನೋಡಿತ್ತು.

ಆ ಬದಲಾವಣೆ ಮಾಡಿದ ಸಂಜೆ ನಾನೂ ಇದ್ದೆ. ಸಾಹುಕಾರರ ಬಸ್ಸನ್ನು ಏಳಕ್ಕೆ ತಂದಾಗಿತ್ತು, ಪಾವಗಡದ್ದನ್ನು ಇನ್ನೂ ಆರೂವರೆಗೆ ಸರಿಸಿರಲಿಲ್ಲ, ಆಗ ಲೈಟು ಮಿಣುಕಿತು. ಕರೆಂಟು ಹೋದರೆ ಕೆಲಸ ಹಾಳಾಗುತ್ತದೆಂದು ಮೇಡಂ ಆ ಅರ್ಧ ಕೆಲಸದ್ದೇ ಒಂದು ನಕಲನ್ನು ಫ್ಲಾಪಿಗೆ ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರು. ಕರೆಂಟು ಹೋಗಲಿಲ್ಲ. ಉಳಿದರ್ಧವನ್ನೂ ಮುಗಿಸಿ ಸರಿಯಾಗಿ ಪ್ರೋಗ್ರಾಮಿನ ಒಳಗೆ ಹಾಕಿದರು. ಫ್ಲಾಪಿಯಲ್ಲಿದ್ದದ್ದನ್ನು ಮಾತ್ರ ಅಳಿಸಲಿಲ್ಲ. ಏನನ್ನಾದರೂ ಅಳಿಸಿ ಗೊತ್ತಿದ್ದರೆ ತಾನೇ!

ಕೆಲವು ವಾರ ಕಳೆದು, ರಂಜಾನಿನ ಉಪವಾಸದ ದಿನಗಳಲ್ಲಿ, ಕೊರಟಗೆರೆ ಬಸ್ಸಿನ ಒಂದು ಸಣ್ಣ ತಿದ್ದುಪಡಿ ಬಂತು. ಮೇಡಂ ಶೀಟನ್ನು ಹೊರಗೆ ತೆಗೆದು ಕುಳಿತರು. ಆವತ್ತು ಕರೆಂಟು ನಿಜವಾಗಿಯೂ ಹೋಯಿತು. ವಾಪಸು ಬಂದಾಗ ತೆಗೆದಿದ್ದ ಪ್ರತಿ ಕಲಸುಮೇಲೋಗರ. ಪ್ರೋಗ್ರಾಮಿನೊಳಗೆ ಸರಿಯಾದದ್ದು ಭದ್ರವಾಗಿತ್ತು, ಇನ್ನೊಂದು ಸಲ ಕೇಳಿದ್ದರೆ ಕೊಡುತ್ತಿತ್ತು. ಆದರೆ ಪ್ರೋಗ್ರಾಮು ಬರುವ ಮೊದಲಿನ ಅಭ್ಯಾಸ, ಕೈ ನೇರ ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಬಾಯಾರಿ ಸುಸ್ತಾಗಿದ್ದರು ಬೇರೆ. ಆ ಅರ್ಧ ಕೆಲಸದ ಫ್ಲಾಪಿಯನ್ನೇ ಹಾಕಿ, ಕೊರಟಗೆರೆ ಬಸ್ಸನ್ನು ತಿದ್ದಿ, ತಮ್ಮ ಹೆಸರು ಹೊಡೆದು, ಕರೆಂಟು ಹೋಗಿತ್ತು, ಫ್ಲಾಪಿಯಿಂದ ತಂದದ್ದು ಎಂದು ಕಾರಣವನ್ನೂ ಹೊಡೆದು ಒಳಗೆ ಹಾಕಿದರು. ಪ್ರಿಂಟು ಗೋಡೆಗೆ ಹೋಯಿತು. ಅದರಲ್ಲಿ ಪಾವಗಡಕ್ಕೆ ಎರಡು ಬಸ್ಸು, ಎರಡೂ ಏಳು ಗಂಟೆಗೆ.

ಪಾವಗಡದ ಏಜೆಂಟ್ ಗೋಡೆ ನೋಡಿ ದೇವರು ಕಣ್ಣು ಬಿಟ್ಟನೆಂದುಕೊಂಡ. ಮರುದಿನ ಏಳಕ್ಕೆ ಎರಡೂ ಬಸ್ಸು ಒಟ್ಟಿಗೆ ಬಿಟ್ಟು, ನಾ ಮುಂದು ತಾ ಮುಂದು ಎಂದು ಓಡಿ, ಮಿಡಿಗೇಶಿಯ ಹತ್ತಿರದ ತಿರುವಿನಲ್ಲಿ ಸಾಹುಕಾರರ ಬಸ್ಸು ರಸ್ತೆ ಬಿಟ್ಟು ಕಡಲೇಕಾಯಿ ಹೊಲಕ್ಕೆ ಇಳಿಯಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಡ್ರೈವರಿನ ಕೈ ಮುರಿಯಿತು, ಒಬ್ಬ ಮುದುಕಿಯ ಹಣೆ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಏಜೆಂಟನ ಅಂಗಿ ಹರಿದಿತ್ತು. "ಕಡ್ಲೇಕಾಯಿ ಕೊಟ್ಟು ಟೈಮು ತಿದ್ದಿಸ್ಕಂಡವ್ನೆ ಕಳ್ ನನ್ಮಗ" ಎಂದು ಎಲ್ಲರದೂ ಒಂದೇ ಮಾತು. ಸಾಹುಕಾರರು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನಾಳೆ ಹನ್ನೊಂದಕ್ಕೆ ಸಂಘ ಸೇರ್ತದೆ. ನಿಮ್ ಯಂತ್ರದಾಗೆ ಯಾರು ಅಂತ ಇರ್ತದಂತಲ್ಲ, ತೋರ್ಸಿ. ಅವನು ಮಾಡ್ಸಿದ್ರೆ ಇನ್ಮೇಲೆ ಈ ಸ್ಟ್ಯಾಂಡಿಗೆ ಕಾಲಿಡಂಗಿಲ್ಲ. ನೀವೇ ಮಾಡಿದ್ರೆ ನನ್ ರೂಮು ಖಾಲಿ ಮಾಡ್ಬೇಕು. ನಾನು ಒಂದ್ ಮಾತಿನವ್ನು."

ಮರುದಿನ ಬೆಳಿಗ್ಗೆ ನಾನು, ಮೇಡಂ ಇಬ್ಬರೂ ಯಂತ್ರ ಆನ್ ಮಾಡಿದೆವು. ಹಳೆಯ ಪ್ರತಿಗೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಕೇಳುವ ಕಮಾಂಡನ್ನು ಮೇಡಂ ಹೊಡೆದರು. ಎರಡು ಸಾಲು ಬಂತು. ಒಂದು ಕೊರಟಗೆರೆಯದು, ಇನ್ನೊಂದು ಪಾವಗಡದ್ದು. ಕೆಳಗೆ ಅವರ ಹೆಸರು. ಮೇಡಂ ಎದ್ದು ಬಿಸ್ಕತ್ತಿನ ಡಬ್ಬಿ ತೆರೆದು ಫ್ಲಾಪಿಯನ್ನು ನೋಡಿ, ಮತ್ತೆ ಮುಚ್ಚಿ ಕುಳಿತುಕೊಂಡರು.

ಬೇಡದ ಪ್ರತಿಯನ್ನು ಕಿತ್ತುಹಾಕುವ ಕಮಾಂಡೂ ಆ ಜೆರಾಕ್ಸ್ ಹಾಳೆಗಳ ಕೊನೆಯಲ್ಲಿತ್ತು. ಇದು ನಮಗೆ ಬೇಡ ಎಂದು ಮೇಡಂ ಅದನ್ನು ಓದದೇ ಮಡಚಿಟ್ಟಿದ್ದರು. ನಾನು ಓದಿದ್ದೆ. "ಮೇಡಂ, ಒಂದೇ ಸಾಲು. ನಾನು ಹೊಡೀತೀನಿ, ನೀವು ಆ ಕಡೆ ತಿರುಕ್ಕಳಿ" ಎಂದೆ. "ಯಂತ್ರ ಕೆಟ್ಟಿತ್ತು, ಯಾರು ಅಂತ ಗೊತ್ತಾಗಲ್ಲ ಅಂದ್ಬುಡಿ. ಈ ರೂಮು ಹೋದ್ರೆ ಹೆಂಗೆ? ಸಾಲ ಹೆಂಗೆ? ಇಷ್ಟು ಹುಡುಗೀರು ಎಲ್ಲಿಗೋಗ್ಬೇಕು? ಅವನಿಗೇನು, ಬಾಯಿರೋನು, ಇನ್ನೊಂದು ಸ್ಟ್ಯಾಂಡು ಸಿಕ್ತದೆ." ಇವತ್ತಿಗೂ ನಾನು ಹಾಗೆ ಹೇಳಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ನನ್ನ ಪಾಲಿಗೆ ಅವರು ಮುಖ್ಯ, ಏಜೆಂಟನಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ನಾನು ಎದುರಾಡಿ ಗೆಲ್ಲುತ್ತಿದ್ದೆನೋ ಏನೋ. "ಸ್ಟ್ಯಾಂಡ್ ಸಿಗ್ತದೆ ಕಣಮ್ಮಾ, ಹೆಸರು?" ಎಂದರು. ಪರದೆಯ ಮೇಲಿನ ತಮ್ಮ ಹೆಸರಿಗೆ ಬೆರಳಿಟ್ಟು, "ಅವರಿಗೆಲ್ಲ ಕಾರಣ ಕೇಳಿ ಕೇಳಿ ಓಡಿಸಿದೆನಲ್ಲ. ನನ್ನ ಹೆಸರು ಬಂದಾಗ ಮಾತ್ರ ಅಳಿಸೋದಾ? ನೀನು ನನಗೋಸ್ಕರ ಹೇಳ್ದೆ, ಅದು ನನಗೆ ಗೊತ್ತು" ಎಂದರು. ಹೆದರಿಕೆ ಇಲ್ಲದವರೇನಲ್ಲ ಅವರು. ಒಬ್ಬಂಟಿ ಹೆಂಗಸು, ಆ ಕೋಣೆ ಬಿಟ್ಟರೆ ಊರಲ್ಲಿ ಏನೂ ಇರಲಿಲ್ಲ.

ಹನ್ನೊಂದಕ್ಕೆ ಸಂಘದವರೆಲ್ಲ ಮೇಲೆ ಬಂದರು. ಸಾಹುಕಾರರೂ ಸೇರಿ ಎಲ್ಲರಿಂದಲೂ ಚಪ್ಪಲಿ ಹೊರಗೆ ಬಿಡಿಸಿದರು ಮೇಡಂ, ಆ ಹೊತ್ತಿನಲ್ಲೂ! ಏಜೆಂಟ್ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಕಣ್ಣು ಊದಿಕೊಂಡಿತ್ತು. ಮೇಡಂ ಪರದೆಯ ಪಕ್ಕ ನಿಂತು, ಯಾವ ತಾರೀಕು, ಏನು ಬದಲಾಯಿತು, ಯಾಕೆ, ಎಂದು ಒಂದೊಂದೇ ಕನ್ನಡದಲ್ಲಿ ಓದಿ ಹೇಳಿದರು. "ಯಾರು?" ಎಂದರು ಸಾಹುಕಾರರು.

"ನಾನು. ಇವನು ಕೇಳಿದ್ದು ನಿಜ, ನಾನು ಕೊಟ್ಟಿದ್ದಿಲ್ಲ. ಇದು ನನ್ನ ಕೈತಪ್ಪು. ಡ್ರೈವರಿಗೂ ಆ ಅಜ್ಜಿಗೂ ಆದ ನೋವು ನನ್ನ ತಲೆ ಮೇಲೆ."

ಆ ಬಾಯಿಬಡಕ ಏಜೆಂಟ್, "ಅಯ್ಯೋ ದೇವುಡಾ, ಯಾಕಮ್ಮಾ ಹೇಳ್ದೆ?" ಎಂದು ನೆಲದ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಸಾಹುಕಾರರ ಮುಖ ಸಣ್ಣದಾಯಿತು. ಮೇಡಂ ಮೇಲೆ ಅವರಿಗೆ ಗೌರವವಿತ್ತು, ಆದರೆ ಅಷ್ಟು ಜನರ ಮುಂದೆ ಆಡಿದ ಮಾತು. "ತಿಂಗಳ ಕೊನೇವರ್ಗೂ ಟೈಮ್ ತಗಳ್ಳಿ ಮೇಡಂ" ಎಂದು ಕೆಳಗಿಳಿದು ಹೋದರು. ಚಪ್ಪಲಿ ಮೆಟ್ಟುವಾಗ ಎಡಬಲ ತಪ್ಪಿತು ಅವರಿಗೆ, ನಾನು ನೋಡಿದೆ, ಒಂಚೂರೂ ಕನಿಕರ ಬರಲಿಲ್ಲ ನನಗೆ.

ಇನ್‌ಸ್ಟಿಟ್ಯೂಟ್ ಕೊರಟಗೆರೆಗೆ ಹೋಯಿತು. ಟೈಪ್‌ರೈಟರುಗಳನ್ನೆಲ್ಲ ಪಾವಗಡದ ಏಜೆಂಟೇ ನಿಂತು ಬಸ್ಸಿನ ಮೇಲೆ ಹಗ್ಗ ಬಿಗಿದು ಕಳಿಸಿದ. ಕಂಪ್ಯೂಟರನ್ನು ಮಾತ್ರ ಮೇಲಕ್ಕೆ ಬಿಡದೆ ಮೂರು ಜನರ ಸೀಟಿನ ಮೇಲೆ ಕೂರಿಸಿ, ಯಾರನ್ನೂ ಹತ್ತಿರ ಬಿಡಲಿಲ್ಲ. ನಾನೂ ಅವರ ಹಿಂದೆಯೇ ಹೋದೆ. ಅಲ್ಲಿ ಆರು ತಿಂಗಳು ಕಷ್ಟ ಬಿದ್ದೆವು. ಅಷ್ಟರಲ್ಲಿ ಮಧುಗಿರಿಯಲ್ಲಿ ಸಂಘದವರು ಬೇರೆ ಇಬ್ಬರ ಹತ್ತಿರ ಶೀಟು ಮಾಡಿಸಿದರಂತೆ. ಗೋಡೆಗೆ ಅಂಟಿಸಿದ್ದೇ ತಡ, "ಇದನ್ನ ಯಾರ್ ತಿದ್ದಿಸವ್ರೋ" ಎಂದು ಏಜೆಂಟರು ಕಿತ್ತು ಬಿಸಾಡುತ್ತಿದ್ದರಂತೆ. ಕೊನೆಗೆ ಸಾಹುಕಾರರೇ ಕೊರಟಗೆರೆಗೆ ಬಂದು, ಕೊಟ್ಟ ಕಾಫಿ ಕುಡಿದು, ಬಹಳ ಹೊತ್ತು ಮಳೆ ಬೆಳೆ ಮಾತಾಡಿ, "ಏಜೆಂಟ್ರು ನಿಮ್ಮ ಶೀಟೇ ಬೇಕು ಅಂತಾರೆ. ತನ್ ತಪ್ಪು ತಾನೇ ತೋರ್ಸೋರ ಶೀಟು ಮಾತ್ರ ನಂಬ್ತಾರಂತೆ. ರೂಮು ಹಂಗೇ ಖಾಲಿ ಇಟ್ಟಿವ್ನಿ" ಎಂದರು. ಮೇಡಂ ಮಧುಗಿರಿಗೆ ವಾಪಸು ಹೋಗಲಿಲ್ಲ. ಶೀಟನ್ನು ಮಾತ್ರ ಕೊರಟಗೆರೆಯಿಂದಲೇ ಮಾಡಿಕೊಟ್ಟರು, ಸ್ಟ್ಯಾಂಡಿನಲ್ಲಿ ಅದು ಬೇಕಾಗಿದ್ದಷ್ಟು ಕಾಲವೂ.

ನನಗೆ ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಮದುವೆ, ಮಕ್ಕಳು, ವರ್ಗ, ಎಲ್ಲ ಆಯಿತು. ಹಬ್ಬಕ್ಕೊಮ್ಮೆ ಹೋಗಿ ಮೇಡಂನ ನೋಡಿಕೊಂಡು, ಬೈಸಿಕೊಂಡು ಬರುತ್ತಿದ್ದೆ. ಕೊನೆಗಾಲಕ್ಕೆ ಅವರು ಶಿರಾದಲ್ಲಿ ತಮ್ಮನ ಮನೆ ಸೇರಿದ್ದರು. ಹೋದರೆಂದು ಸುದ್ದಿ ಬಂದಾಗ ಸಿಕ್ಕಿದ ಬಸ್ಸು ಹತ್ತಿ ಹೋದೆ. ಒಳಗೆ ಹೆಂಗಸರ ನಡುವೆ ಅವರ ಮುಖ ನೋಡಿ, ತಡೆಯಲಾಗದೆ ಓಣಿಗೆ ಬಂದು ನಿಂತೆ. ಅಲ್ಲಿ ಗೋಡೆಯ ನೆರಳಲ್ಲಿ, ತಲೆಯೆಲ್ಲ ಬೆಳ್ಳಗಾದ ಪಾವಗಡದ ಏಜೆಂಟ್ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮನೆಯವರೊಬ್ಬರು ಹೋಗಿ, "ನೀವು ಯಾರು? ಅವರಿಗೆ ಏನಾಗಬೇಕು?" ಎಂದು ಕೇಳಿದರು.

"ಏನೂ ಆಗಬೇಕಿಲ್ಲ ಸ್ವಾಮಿ," ಎಂದ. "ಆಯಮ್ಮ ಮಾತಾಡ್ದೆ ಸುಮ್ನೆ ಇದ್ದಿದ್ರೆ, ನನ್ ಮಕ್ಕಳು ಕಳ್ಳನ ಮಕ್ಕಳಾಗಿರೋರು."

ನಾನು ಆ ಓಣಿಯಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.